ಕೈಯೇ ಅಳತೆಗೋಲು

ಅವರು ನಡೆಯುವಾಗ ಎಡ ಸೊಂಟ ದೇಹಕ್ಕಿಂತ ಒಂದು ಹೆಜ್ಜೆ ಮುಂದಿರುತ್ತಿತ್ತು. ನಲವತ್ತು ವರ್ಷ ಪಿನ್‌ಬಾಲ್ ಆಟದ ಯಂತ್ರಗಳನ್ನು ಸೊಂಟದಿಂದ ಗುದ್ದಿ ಗುದ್ದಿ, ಗಾಜಿನಡಿ ಉರುಳುವ ಉಕ್ಕಿನ ಗುಂಡನ್ನು ದಾರಿಗೆ ತಂದವರ ಶರೀರವೇ ಹಾಗೆ ವಾಲಿಬಿಟ್ಟಿತ್ತು. ಬ್ಯಾಂಕಿನ ಕೌಂಟರಿನೆದುರು ನಿಂತರೂ ಅದನ್ನೊಮ್ಮೆ ಮೆಲ್ಲಗೆ ನೂಕಿ ನೋಡದೆ ಅವರಿಗೆ ಸಮಾಧಾನವಿರಲಿಲ್ಲ. ಮೊಣಕೈ ಸವೆದ ನೀಲಿ ಕೋಟಿನ ಜೇಬಿನಲ್ಲಿ ಸದಾ ಒಂದು ಉಳಿ, ಬಾಯಲ್ಲಿ ಸದಾ ಒಂದೇ ಮಾತು: "ಮರ ಸುಳ್ಳು ಹೇಳುತ್ತೆ, ಕೈ ಹೇಳಲ್ಲ."

ಆ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯವರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಹೊಸ ಯಂತ್ರದ ವಿನ್ಯಾಸವೆಂದರೆ ಅವರ ಪಾಲಿಗೆ ಬಣ್ಣ ಕಾಣದ ಬರಿಯ ಹಲಗೆ, ಬಟನ್ ಒತ್ತಿದಾಗ ಗುಂಡನ್ನು ಮೇಲಕ್ಕೆ ಬಡಿಯುವ ಎರಡು ಪುಟ್ಟ ತೋಳುಗಳು, ಅತ್ತ ತುದಿಯಲ್ಲಿ ಗುಂಡು ಹೊಗಬೇಕಾದ ಏರುದಾರಿ. ಆ ದಾರಿಯ ಬಾಯಿ ಎಲ್ಲಿರಬೇಕೆಂದು ಹೇಳಬೇಕಾದದ್ದು ಅವರ ಬೆರಳುಗಳೇ. ಹತ್ತರಲ್ಲಿ ಏಳು ಸಲ ಗುಂಡು ಒಳಹೊಕ್ಕರೆ ಸರಿ. ಇಲ್ಲವಾದರೆ ಕಿತ್ತು, ಕೂದಲೆಳೆಯಷ್ಟು ಸರಿಸಿ, ಮತ್ತೆ ಜಡಿಯಬೇಕು. ಬೇರೆಯವರಿಗೆ ಹಲಗೆ ಮುಟ್ಟಗೊಡುತ್ತಿರಲಿಲ್ಲ. ಈ ಹಟದಿಂದಲೇ ಹನ್ನೊಂದು ಯಂತ್ರಗಳು ಗೆದ್ದಿದ್ದವು.

ಹನ್ನೆರಡನೆಯದು, ನಿವೃತ್ತಿಗೆ ಮುಂಚಿನ ಕೊನೆಯದು, ರಚ್ಚೆ ಹಿಡಿಯಿತು. ಗುಂಡು ಒಳಹೋಗಲೊಲ್ಲದು. ಸರಿಸಿದರು, ಮತ್ತೆ ಸರಿಸಿದರು. ತಿಂಗಳೊಳಗೆ ದಾರಿಯ ಬಾಯಿ ಒಂದು ಬೆರಳಗಲ ಪಕ್ಕಕ್ಕೆ ಬಂದಿತ್ತು; ಆಗಷ್ಟೇ ಗುಂಡು ಹತ್ತರಲ್ಲಿ ಏಳು ಸಲ ಒಳಹೊಕ್ಕಿತು. ಅದೇ ಕಾರ್ಖಾನೆಯಲ್ಲಿ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದ ಮಗಳು, ಬಟನ್ನಿನ ಒಂದೊಂದು ಒತ್ತನ್ನೂ ದಾಖಲಿಸುವ ಪರದೆಯನ್ನು ಅವರತ್ತ ತಿರುಗಿಸಿದಳು.

"ಅಪ್ಪ, ದಾರಿ ಮೊದಲು ಎಲ್ಲಿತ್ತೋ ಅಲ್ಲೇ ಸರಿ ಇತ್ತು. ನೀವು ಒತ್ತೋದು ತಡ ಆಗ್ತಿದೆ."

"ಯಂತ್ರ ಯಾರದ್ದು, ನಿಂದಾ ನಂದಾ?" ಎಂದು ಉರಿದುಬಿದ್ದವರು ಅಂದೇ ತಾವು ಸರಿಸಿದ ದಾರಿಯ ನಕ್ಷೆಗೆ ಸಹಿ ಹಾಕಿ, ತಯಾರಿಕೆಗೆ ಕಳಿಸೆಂದು ಆಕೆಯ ಮೇಜಿನ ಮೇಲೆ ಎಸೆದುಹೋದರು.

ಗಾಜಿನ ಮೇಲೆ ಅವರ ಹೆಸರು ಹೊತ್ತ ಯಂತ್ರ ಮಾರುಕಟ್ಟೆಗೆ ಬಂತು, ಭರ್ಜರಿಯಾಗಿ ಗೆದ್ದಿತು. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನೋಡಿದ್ಯಾ? ಯಾರ ಕೈ ತಡ?" ಎಂದು ಊಟಕ್ಕೆ ಕೂತಾಗಲೆಲ್ಲ ಮಗಳನ್ನು ಚುಚ್ಚುವರು; ಆಕೆ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುವಳು. ಹೀಗಿರಲು ಒಂದು ಮಧ್ಯಾಹ್ನ ಆಟದ ಅಂಗಡಿಯೊಂದರಲ್ಲಿ ತಮ್ಮ ಯಂತ್ರವನ್ನು ಕಂಡು ಸಡಗರದಿಂದ ಕೈಯಿಟ್ಟರು. ಹತ್ತು ಸಲ ಹೊಡೆದರು, ಹತ್ತೂ ತಪ್ಪಿತು. ಹಿಂದೆ ಸರದಿಗೆ ಕಾದಿದ್ದ ಹೆಂಗಸು ಕನಿಕರದಿಂದ, "ಸ್ವಲ್ಪ ಮುಂಚೆ ಒತ್ತಿ ಅಂಕಲ್, ತುಂಬ ಸುಲಭ ಅದು" ಎಂದಳು. ಗಾಜಿಗೆ ಮುಖವೊಡ್ಡಿ ನೋಡಿದರು. ದಾರಿಯ ಬಾಯಿ ಮೊದಲಿದ್ದಲ್ಲಿಗೇ ಮರಳಿತ್ತು.

ಮನೆಗೆ ಬಂದವರು ಕೋಟನ್ನೂ ಕಳಚದೆ ಕೇಳಿದರು, "ಸರಿಸಿದ್ದು ನೀನಾ?"

"ಹೂಂ. ಇಲ್ದಿದ್ರೆ ನಿಮ್ಮ ಹೆಸರು ಹಾಳಾಗ್ತಿತ್ತು."

"ಹಾಳಾಗಕ್ಕೆ ಬಿಡಬೇಕಿತ್ತು. ಆ ತಪ್ಪಾದರೂ ನಂದಾಗಿರ್ತಿತ್ತು."

ಮಗಳು ಮಾಡಿದ್ದು ತಪ್ಪೆನ್ನಲು ನನಗೆ ನಾಲಿಗೆ ಬಾರದು. ಆದರೆ ಅವರು ಮತ್ತೆ ಆಕೆಯೊಡನೆ ಊಟಕ್ಕೆ ಕೂರಲಿಲ್ಲ. ಸ್ವಂತ ದೇಹವನ್ನೇ ಅಳತೆಗೋಲು ಮಾಡಿಕೊಂಡ ಕುಶಲಕರ್ಮಿಗಳ ಜಾತಿಯೇ ಹೀಗೆ: ಜಗತ್ತೆಲ್ಲ ಎದುರು ನಿಂತು ಸೋಲಿಸಿದರೂ ಸಹಿಸಿಯಾರು, ಮನೆಯವರು ಮರುಕಪಟ್ಟು ಗುಟ್ಟಾಗಿ ಕೊಡಿಸಿದ ಗೆಲುವನ್ನು ಸಾಯುವತನಕ ಕ್ಷಮಿಸಲಾರರು.