ಕುಂಬಳಕಾಯಿಯ ಹಿಂದಿನ ಗೋಡೆ

ಮಹಾನಂದಾ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ನನ್ನನ್ನು ಅದರ ಮೇಲೆ ಮಲಗಿಸಿದಳು. ಗಂಡನ ಹರಿದ ಬನಿಯನ್ನಿನ ತುಂಡಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟುಕೊಂಡು ನಳಿಕೆ ಒರೆಸಿದಳು. ಆಮೇಲೆ ಗುಂಡು ಕೂರುವ ಆರು ಗೂಡುಗಳನ್ನೂ ಒಂದೊಂದಾಗಿ ಒರೆಸಿದಳು. ಅವಳ ಕಿರುಬೆರಳು ಹಿಡಿಯುವಷ್ಟು ಅವು ಅಗಲ. ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ಈ ಕೆಲಸ ಅವಳದೇ. ಮುಖವನ್ನು ಮಾತ್ರ ನನ್ನ ಬಾಯಿಯ ನೇರಕ್ಕೆ ತರದಂತೆ ಪಕ್ಕಕ್ಕೆ ತಿರುಗಿಸಿಕೊಂಡಿರುತ್ತಿದ್ದಳು.

ನಾನು ಒಂದು ರಿವಾಲ್ವರ್. ಸಮುದ್ರದಾಚೆಯ ಊರೊಂದರಲ್ಲಿ ಹುಟ್ಟಿದೆ. ದೌಡಾಯಿಸಿ ಬರುವ ಕುದುರೆಯೂ ಒಂದೇ ಏಟಿಗೆ ಬೀಳಬೇಕು ಎಂದು ನನ್ನನ್ನು ಮಾಡಿದರಂತೆ. ಅದಕ್ಕೇ ನನ್ನ ತೂಕ ಒಂದು ಕಿಲೋಗೂ ಹೆಚ್ಚು. ಬಯಲಿಗಾಗಿ ಹುಟ್ಟಿದ ವಸ್ತು ನಾನು.

ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಈ ಕಡೆ ಬಂದ ಸಾಹೇಬ, ತನ್ನ ದೇಶಕ್ಕೆ ಹೊರಡುವಾಗ ನನ್ನನ್ನು ಕಲ್ಲು ಕ್ವಾರಿಯ ಮಲಕಾಜಪ್ಪನಿಗೆ ಮಾರಿದ. ಕ್ವಾರಿ ಗುಡ್ಡದ ಮೇಲಿತ್ತು. ಹತ್ತಿರದಲ್ಲಿ ಒಂದು ಮನೆಯೂ ಇರಲಿಲ್ಲ. ಆಯುಧಗಳನ್ನು ಪೂಜಿಸುವ ಖಂಡೇನವಮಿಯ ದಿನ ಎಲ್ಲರೂ ಬೂದುಗುಂಬಳಕಾಯಿಯನ್ನು ಕತ್ತಿಯಿಂದ ಒಡೆದರೆ, ಮಲಕಾಜಪ್ಪ ಅದನ್ನು ಬಂಡೆಗೆ ಆನಿಸಿಟ್ಟು ನನ್ನಿಂದ ಹೊಡೆಯುತ್ತಿದ್ದ. ಕಾಯಿ ಚೂರಾಗುತ್ತಿತ್ತು. ಗುಡ್ಡ ನನ್ನ ಗುಂಡನ್ನು ನುಂಗಿ ಸುಮ್ಮನಿರುತ್ತಿತ್ತು. ನನಗೆ ಅದೇ ಸುಖ.

ಅವನು ತೀರಿಕೊಂಡ ಮೇಲೆ ಲೈಸೆನ್ಸು ಮೊಮ್ಮಗ ಗುರುಶಾಂತನ ಹೆಸರಿಗೆ ಬಂತು. ಗುರುಶಾಂತ ಗುಡ್ಡ ಬಿಟ್ಟು ವಿಜಯಪುರದ ಅಂಚಿನ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ. ಟೊಳ್ಳು ಸಿಮೆಂಟ್ ಇಟ್ಟಿಗೆಯ ಗೋಡೆಗಳು, ಮೇಲೆ ಚಂದದ ಬಣ್ಣ. ನನ್ನ ಜಾಗ ಕಬ್ಬಿಣದ ಕಪಾಟಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ. ಬೀಗದ ಕೈ ಅವನ ಹೆಂಡತಿ ಮಹಾನಂದಾಳ ಸೊಂಟದಲ್ಲಿ. ಗುರುಶಾಂತ ಕಲ್ಲಿನ ಲಾರಿಯ ಜೊತೆ ಹೋದರೆ ಎಂಟು ದಿನ ಬರುತ್ತಿರಲಿಲ್ಲ. ಆ ಎಂಟು ದಿನ ಅವಳು ಗೇಟು ದಾಟುವಂತಿರಲಿಲ್ಲ. ಕಪಾಟಿನ ಸಂದಿಯಿಂದ ನನಗೆ ಅವಳು ಕಾಣುತ್ತಿದ್ದಳು. ಕಿಟಕಿಯ ಸರಳುಗಳಿಂದ ಅವಳಿಗೆ ಖಾಲಿ ಸೈಟುಗಳು ಕಾಣುತ್ತಿದ್ದವು.

ಪಕ್ಕದ ಸಾಲಿನ ಮನೆಯೊಂದರಲ್ಲಿ ಕಳವಾಯಿತು. ಅದೇ ವಾರ ಖಂಡೇನವಮಿ, ಹೊಸ ಮನೆಯಲ್ಲಿ ಮೊದಲನೆಯದು. ಬೆಳಗ್ಗೆ ನನಗೆ ಕುಂಕುಮ ಹಚ್ಚಿ, ಒಂದೇ ಗುಂಡು ತುಂಬಿ, ಹಿತ್ತಲಿಗೆ ತಂದರು. ಕಾಂಪೌಂಡಿಗೆ ಆನಿಸಿದ ಸ್ಟೂಲಿನ ಮೇಲೆ ಕುಂಬಳಕಾಯಿ ಕೂತಿತ್ತು.

“ಈ ಸಲ ನೀ ಹೊಡಿ,” ಅಂದ ಗುರುಶಾಂತ, ಮಹಾನಂದಾಳಿಗೆ.

“ನಾನಾ? ನಾ ಒಲ್ಲೆರಿ.”

“ನಾ ಇಲ್ದಾಗ ಕಳ್ಳ ಬಂದ್ರ ಅವಗ ಆರತಿ ಎತ್ತಾಕಿ ಏನ?”

ಅತ್ತೆ ಕಾಶವ್ವ ಎರಡು ವರ್ಷದ ಮೊಮ್ಮಗಳು ಅಂಬಿಕಾಳ ಕಿವಿ ಮುಚ್ಚಿಕೊಂಡು ನಕ್ಕಳು. “ಲಟ್ಟಣಗಿ ಹಿಡದಂಗ ಹಿಡೀಬ್ಯಾಡವಾ, ಗಟ್ಟಿ ಹಿಡಿ.”

ಮಹಾನಂದಾ ಎರಡೂ ಕೈಯಲ್ಲಿ ಹಿಡಿದಳು. ಕುದುರೆಯನ್ನು ಕೆಡವುವ ವಸ್ತು, ಹೊಡೆಯುವವರನ್ನೂ ಅಷ್ಟೇ ಜೋರಾಗಿ ತಳ್ಳುತ್ತದೆ. ನಾನು ಸಿಡಿದೆ, ಮೇಲಕ್ಕೆ ಜಿಗಿದೆ, ಅವಳ ಹುಬ್ಬಿಗೇ ಬಡಿದೆ. ಅವಳು ಕೂತುಬಿಟ್ಟಳು. ರಕ್ತ ಕೆನ್ನೆಗೆ ಇಳಿಯಿತು. ಸ್ಟೂಲಿನ ಮೇಲೆ ಕಾಯಿ ಇರಲಿಲ್ಲ. ಅದರ ಹಿಂದಿನ ಗೋಡೆಯಲ್ಲಿ ಒಂದು ತೂತು ಇತ್ತು. ತೂತಿನಾಚೆ ಯಾರೋ ಚೀರಿದರು.

ಹಿಂದಿನ ಮನೆಯ ಹಸೀನಾಬಿ ಹಿಟ್ಟಿನ ಡಬ್ಬಿ ಎತ್ತಿಕೊಂಡು ಬಂದಳು. ಅವಳ ತಲೆಯೆಲ್ಲ ಹಿಟ್ಟು.

“ಗುರುಶಾಂತ ತಮ್ಮಾ, ನಿಮ್ಮ ಹಬ್ಬ ನಮ್ಮ ಡಬ್ಬಿಗೆ ಬಂದೈತಿ ನೋಡ್ರಿ! ರೊಟ್ಟಿ ಬಡ್ಯಾಕತ್ತಿದ್ದೆ. ನೀರು ಬೇಕಂತ ಎದ್ದೆ, ಅದಕ್ಕ ಉಳದೀನಿ.”

ಅವಳು ನಗಲು ನೋಡಿದಳು, ಆಮೇಲೆ ಡಬ್ಬಿಯನ್ನು ಅವನ ಮುಂದೆ ನೆಲಕ್ಕೆ ಕುಕ್ಕಿದಳು. ಗುರುಶಾಂತ ಹಿಟ್ಟಿನೊಳಗಿಂದ ಚಪ್ಪಟೆಯಾದ ಸೀಸವನ್ನು ಹೆಕ್ಕಿ ತೆಗೆದ.

“ಎರಡು ಗ್ವಾಡಿ ದಾಟೈತಿ! ನೋಡಿದ್ಯಾ ತಾಕತ್ತು? ಕಳ್ಳ ಉಳದಾನ ಇನ್ನ?” ಅಂದ. ಹಸೀನಾಬಿಯ ಮುಖ ನೋಡಿದ ಮೇಲೆ, “ಹೊಸಾ ಡಬ್ಬಿ ತಂದು ಕೊಡ್ತೀನಿ, ಅಕ್ಕಾ,” ಅಂತ ಸೇರಿಸಿದ.

“ಡಬ್ಬಿ ಯಾರಿಗೆ ಬೇಕೋ ತಮ್ಮಾ,” ಅಂದು ಅವಳು ಹೊರಟುಹೋದಳು.

ಮಹಾನಂದಾ ಸೆರಗಿನಿಂದ ಹುಬ್ಬು ಒತ್ತಿ ಹಿಡಿದು ಎದ್ದಳು. ಕಾಂಪೌಂಡಿನ ತೂತಿಗೆ ಬೆರಳು ಹಾಕಿ ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಗೇಟು ತೆರೆದು ಹಸೀನಾಬಿಯ ಮನೆಯ ಕಡೆಗೆ ನಡೆದಳು.

ಅವಳು ಹಿಂತಿರುಗುವ ಹೊತ್ತಿಗೆ ಗುರುಶಾಂತ ನನ್ನಲ್ಲಿ ಆರೂ ಗುಂಡು ತುಂಬಿ, ಮಂಚದ ಮೇಲೆ ಅವಳ ದಿಂಬಿನ ಪಕ್ಕದಲ್ಲಿ ಇಟ್ಟಾಗಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ಮಂಚದ ಎದುರಿನ ಗೋಡೆಯನ್ನು ಬೆರಳ ಗಂಟಿನಿಂದ ತಟ್ಟಿದಳು. ಟೊಳ್ಳು ಸದ್ದು. ಇನ್ನೊಂದು ಕಡೆ ತಟ್ಟಿದಳು. ಅದೇ ಸದ್ದು. ಆ ಗೋಡೆಯಾಚೆ ಅಂಬಿಕಾ ಅಜ್ಜಿಯ ಮಗ್ಗುಲಲ್ಲಿ ಮಲಗುತ್ತಾಳೆ.

“ಇವತ್ತಿಂದ ಇದು ಇಲ್ಲೇ ಇರ್ಲಿ,” ಅಂದ ಗುರುಶಾಂತ. “ನಾಳೆ ನಾ ಹೊಂಟೆ.”

ನನಗೀಗ ವಯಸ್ಸಾಗಿದೆ. ಮೈಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆಗಳಿವೆ. ಆದರೂ ಶಕ್ತಿ ಒಂದಿಷ್ಟೂ ಇಳಿದಿಲ್ಲ. ಅದೇ ನನ್ನ ಕಷ್ಟ. ಬಯಲಿನಲ್ಲಿ ನನ್ನ ಎದುರಿಗೆ ಒಂದೇ ಗುರಿ ಇರುತ್ತಿತ್ತು. ಮನೆಯಲ್ಲಿ ನನ್ನ ಬಾಯನ್ನು ಎತ್ತ ತಿರುಗಿಸಿದರೂ ಯಾರೋ ಒಬ್ಬರು ಮಲಗಿರುತ್ತಾರೆ, ಇಲ್ಲ ರೊಟ್ಟಿ ಬಡಿಯುತ್ತಿರುತ್ತಾರೆ. ಕಳ್ಳನ ಮೈಯಲ್ಲೇ ನಿಂತುಬಿಡುವುದನ್ನು ನನಗೆ ಯಾರೂ ಕಲಿಸಲಿಲ್ಲ. ಇದನ್ನು ಹೇಳೋಣವೆಂದರೆ ನನ್ನ ಬಾಯಿಂದ ಹೊರಡುವುದು ಮಾತಲ್ಲ.

ಊಟದ ಹೊತ್ತಿಗೆ ಮಹಾನಂದಾ ಹುಬ್ಬಿಗೆ ಅರಿಶಿನ ಒತ್ತಿಕೊಂಡು ಬಾಗಿಲಲ್ಲಿ ನಿಂತಳು.

“ಇದನ್ನ ಠಾಣೇಕ ಕೊಟ್ಟು ಬರ್ರಿ. ಹಿಂದಿನ ಬಾಗಲಕ್ಕ ಒಂದು ಗಟ್ಟಿ ಅಗಳಿ ಹಾಕ್ಸಿ ಕೊಡ್ರಿ, ನನಗ ಅಷ್ಟ ಸಾಕು.”

ಗುರುಶಾಂತ ಬ್ಯಾಗಿಗೆ ಅಂಗಿ ತುಂಬುತ್ತಿದ್ದ. ಕಾಶವ್ವ ಹೋಳಿಗೆ ಮುರಿದು ಮೊಮ್ಮಗಳ ಬಾಯಿಗೆ ಇಟ್ಟಳು. ನಾನು ಆರೂ ಗುಂಡು ತುಂಬಿಕೊಂಡು ಮಹಾನಂದಾಳ ದಿಂಬಿನ ಪಕ್ಕದಲ್ಲೇ ಇದ್ದೆ, ಬಾಯಿ ಆ ಟೊಳ್ಳು ಗೋಡೆಯ ಕಡೆಗೆ.