ಹೊಕ್ಕುಳಬಳ್ಳಿಯ ಮಂಜು

ನನ್ನಿವಾಳ ಗ್ರಾಮದ ಸೂಲಗಿತ್ತಿ ಕ್ಯಾತಮ್ಮ ಆ ಬೆಳಿಗ್ಗೆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಅವತ್ತು ಅವಳ ನಡಿಗೆಯ ಪರೀಕ್ಷೆ. ಮೂವತ್ತು ವರ್ಷ ಬಾಣಂತಿಯರಿಗೆ ನೀರು ಕಾಯಿಸುತ್ತ ಜಾಲಿ ಸೌದೆಯ ಹೊಗೆ ಕುಡಿದು ಅವಳ ಶ್ವಾಸಕೋಶ ಕೆಟ್ಟಿತ್ತು. ನಲ್ಲಿಯಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕಟ್ಟೆ ಮೇಲೆ ಕೂತು ಸುಧಾರಿಸಿಕೊಳ್ಳಬೇಕಿತ್ತು.

ಮೂರು ತಿಂಗಳ ಹಿಂದೆ ಡಾಕ್ಟರ್ ದೀಪಿಕಾ ಹೊಸ ಔಷಧಿಯ ಪ್ರಯೋಗದ ವಿಷಯ ಹೇಳಿದ್ದರು. ಅವರೂ ಇದೇ ಸೀಮೆಯ ರಾಂಪುರದ ಕಡೆಯವರು. ಬಿಡಿಸಿ ಹೇಳುವ ತಾಳ್ಮೆಯಿತ್ತು. ಕಾಂಡಕೋಶ ಎಂಬ, ಮೈಯ ಬೇರೆ ಬೇರೆ ಭಾಗಗಳಾಗಿ ಬೆಳೆಯಬಲ್ಲ ಮೂಲಕೋಶಗಳನ್ನು ಬೆಳೆಸಿ, ಅವು ಬಿಟ್ಟ ಸಾರವನ್ನು ಯಂತ್ರದಲ್ಲಿ ಮಂಜಿನಂತೆ ಮಾಡಿ, ಉಸಿರಿನ ಜೊತೆ ಎಳೆದುಕೊಳ್ಳುವುದು.

"ಆ ಕೋಶ ಎಲ್ಲಿಂದ ತರ್ತೀರವ್ವ?"

"ಹೆರಿಗೆ ಆದಮ್ಯಾಲೆ ತಾಯಂದಿರು ಒಪ್ಪಿ ಕೊಟ್ಟ ಹೊಕ್ಕುಳಬಳ್ಳಿಯಿಂದ."

ಕ್ಯಾತಮ್ಮ ತನ್ನ ಅಂಗೈ ನೋಡಿಕೊಂಡಳು. "ಎಷ್ಟು ಬಳ್ಳಿ ಕೊಯ್ದು ಮಣ್ಣಾಗೆ ಹೂತೀನೋ. ಅದರಾಗೆ ಇಂಥದ್ದು ಐತೆ ಅಂತ ಯಾರೂ ಹೇಳ್ಲಿಲ್ಲ."

"ವಾಸಿ ಆಗುತ್ತೆ ಅಂತ ನಾನೂ ಹೇಳಲ್ಲ. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಅಂತ ನನಗೂ ಗೊತ್ತಿರಲ್ಲ."

ಸೊಸೆ ಶಿಲ್ಪ ಅತ್ತೆಯ ಸೆರಗು ಜಗ್ಗಿದಳು. "ಬ್ಯಾಡತ್ತೆ, ನಿಮ್ಮ ಮ್ಯಾಲೆ ಪರೀಕ್ಷೆ ಮಾಡ್ತಾರೆ."

"ನಾನು ಮೊದಲ್ನೇ ಹೆರಿಗೆ ಮಾಡಿಸಿದಾಗ ನನಗೇನು ಬರ್ತಿತ್ತು? ಆ ಹುಡುಗಿ ನಂಬಿ ಮಲಗಿದ್ಲು," ಎಂದು ಕ್ಯಾತಮ್ಮ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ದಳು.

ಮೂರು ತಿಂಗಳು ಆ ಮಂಜು ಎಳೆದುಕೊಂಡಾಗಿತ್ತು. ಈಗ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ನರ್ಸ್ ಪಾಪಕ್ಕ ಗಡಿಯಾರ ಹಿಡಿದು ನಿಂತಿದ್ದಳು. ಆರು ನಿಮಿಷ ನಡೆಯಬೇಕು. ಔಷಧಿ ಶುರುವಾಗುವ ಮುಂಚೆ, ಮೊದಲ ಸಲ ನಡೆದಾಗ ಮೂರು ಕಡೆ ನಿಂತು ನೂರ ಎಪ್ಪತ್ತು ಮೀಟರ್ ಆಗಿತ್ತು.

ಎರಡು ಸುತ್ತು ಸಲೀಸಾಗಿ ಹೋಯಿತು. ನಾಲ್ಕನೇ ನಿಮಿಷಕ್ಕೆ ಎದೆ ಬಿಗಿಯಿತು. ಕ್ಯಾತಮ್ಮನ ಕೈ ಗೋಡೆಯತ್ತ ಹೋಯಿತು. ಶಿಲ್ಪ ಬೆಂಚಿನಿಂದ ಎದ್ದು ನಿಂತಳು.

"ಸಾಕಾದ್ರೆ ನಿಲ್ರಿ," ಎಂದಳು ಪಾಪಕ್ಕ.

ಕ್ಯಾತಮ್ಮ ಬೇಡವೆಂದು ತಲೆಯಾಡಿಸಿ, ಬಸುರಿಯರಿಗೆ ತಾನೇ ಹೇಳಿಕೊಡುತ್ತಿದ್ದ ಹಾಗೆ ತುಟಿ ಚೂಪು ಮಾಡಿ ಉಸಿರು ಬಿಟ್ಟಳು. ಬಿಗಿತ ಸಡಿಲವಾಯಿತು. ಹೆಜ್ಜೆ ಮತ್ತೆ ಬಿರುಸಾಯಿತು. ಆರು ನಿಮಿಷವಾಗಿ ಗಡಿಯಾರದ ಗಂಟೆ ಹೊಡೆದಾಗ ಇನ್ನೂ ನಡೆಯುತ್ತಲೇ ಇದ್ದಳು.

ಇನ್ನೂರ ಎಂಬತ್ತೆಂಟು ಮೀಟರ್. ದೀಪಿಕಾ ಟೇಪು ಹಿಡಿದು ಮತ್ತೊಮ್ಮೆ ಅಳೆದರು. ಅಂಕಿ ಬರೆದು ಅದರಡಿ ಎರಡು ಗೆರೆ ಎಳೆದರು.

"ಒಬ್ಬರ ನಡಿಗೆ ನೋಡಿ ಏನೂ ಹೇಳಾಕಾಗಲ್ಲ ಅವ್ವ. ಇದು ಉಪ್ಪುನೀರೂ ಆಗಿರಬಹುದು." ಹಾಗೆನ್ನುತ್ತಿದ್ದರೂ ಮುಖದ ನಗು ಅವರ ಮಾತು ಕೇಳುತ್ತಿರಲಿಲ್ಲ.

"ಅದನ್ನ ನೀವು ತಿಳ್ಕೊಳ್ರಿ. ನಾನು ಬಸ್‌ಸ್ಟ್ಯಾಂಡಿಗೆ ನಡದೇ ಹೋಗ್ತೀನಿ."

ಶಿಲ್ಪ ಆಟೋ ಕರೆದದ್ದು ವ್ಯರ್ಥವಾಯಿತು. ಚೀಲ ಹೊತ್ತು ಅತ್ತೆಯ ಹಿಂದೆ ಓಡಿದಳು. ಎಣ್ಣೆ ಗಿರಣಿಯ ಮುಂದೆ ಕ್ಯಾತಮ್ಮ ಕಲ್ಲಿನ ಮೇಲೆ ಕುಳಿತಳು. ಏದುಸಿರು ಬರುತ್ತಿತ್ತು, ಅದರ ನಡುವೆಯೇ ನಗುವೂ ಬಂತು. ನಕ್ಕರೆ ಕೆಮ್ಮು ಬರಲಿಲ್ಲವಲ್ಲ ಎಂದು ಇನ್ನಷ್ಟು ನಕ್ಕಳು.

"ಈಗಾದ್ರೂ ಆಟೋ ಕರೀಲಾ?"

"ತಡಿಯೇ," ಎಂದು ಕ್ಯಾತಮ್ಮ ಮೊಣಕಾಲಿಗೆ ಕೈಯೂರಿ ಎದ್ದು ಬಸ್‌ಸ್ಟ್ಯಾಂಡಿನತ್ತ ಹೆಜ್ಜೆ ಹಾಕಿದಳು.