ನೆಲಕ್ಕೆ ಹಾಸುವ ಬಟ್ಟೆ

"ನೆಲದ್ ಮೇಲೆ ಒಂದೇ ಒಂದು ಹನಿ ಬಿದ್ರೂ ನಿನ್ ನಾಲಿಗೇಲೇ ನೆಕ್ಕಿಸ್ತೀನಿ, ತಿಳೀತೇನೋ ಮುದುಕಾ?"

ಆರ್ಟ್ ಗ್ಯಾಲರಿಯ ಮ್ಯಾನೇಜರ್ ಹೀಗೆ ಕೂಗಿದಾಗ ಅಪ್ಪ ಏಣಿಯ ಮೇಲಿದ್ದ. ಕೆಳಗೆ ಏಣಿ ಹಿಡಿದು ನಿಂತಿದ್ದ ಮಗಳಿಗೆ ಮೈಯೆಲ್ಲ ಉರಿಯಿತು. ನೆಲಕ್ಕೆ ಹಾಸುವ ಬಟ್ಟೆಯನ್ನು ಇವರೇನು ತಂದಿರಲಿಲ್ಲವೇ? ಕೊಳಕು ಅಂತ ಗೇಟಿನಲ್ಲೇ ಕಿತ್ತಿಟ್ಟುಕೊಂಡವರು ಇವನ ಕಾವಲಿನವರೇ ತಾನೇ!

ಮಧ್ಯಾಹ್ನಕ್ಕೆ ದೊಡ್ಡವರೆಲ್ಲ ಬರುವವರಿದ್ದರು. ಯಾವುದೋ ಪ್ರತಿಷ್ಠಾನದವರು ಇಲ್ಲಿಯ ಚಿತ್ರಗಳನ್ನು ಕೊಂಡು ಸರ್ಕಾರಿ ಮ್ಯೂಸಿಯಮ್ಮಿಗೆ ದಾನ ಕೊಡುತ್ತಾರಂತೆ, ಜನ ನೋಡಲಿ ಅಂತ. ಅದಕ್ಕೇ ಗೋಡೆಗೆ ಬಿಳಿ ಬಣ್ಣ. ಕೆಲಸ ಮುಗಿಯುವ ತನಕ ಇವರು ಹೊರಗೆ ಹೋಗುವಂತಿಲ್ಲ. ಕಾಯಲು ಮ್ಯಾನೇಜರನನ್ನೂ ಒಳಗೇ ಬಿಟ್ಟು ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು.

ಎದುರು ಗೋಡೆಯತ್ತ ತಿರುಗಿದ ಮಗಳು ಹಾಗೇ ನಿಂತುಬಿಟ್ಟಳು. ಕ್ಲಿಪ್ಪುಗಳಿಗೆ ನೇತುಹಾಕಿದ ದೊಡ್ಡ ಬಟ್ಟೆ. ಹಳದಿ, ಗಿಳಿಹಸಿರು, ಸುಣ್ಣ, ಎಲ್ಲದರ ಹನಿಗಳು. ಮೂಲೆಯಲ್ಲಿ ಅಮ್ಮನ ನೀಲಿ ಲಂಗದ ತೇಪೆ!

"ಅಪ್ಪಾ, ಅದು ನಮ್ದು ಕಣಪ್ಪ!"

"ಗೊತ್ತು ಕಣೇ. ಬಂದಾಗ್ಲೇ ನೋಡ್ದೆ. ಬಾಯ್ಮುಚ್ಕೊಂಡು ಏಣಿ ಹಿಡ್ಕೋ. ಈ ಕೆಲ್ಸಾನೂ ಹೋದ್ರೆ ಎಲ್ಲಿ ಸಾಯೋಣ?"

ನಾಲ್ಕು ವರ್ಷದ ಹಿಂದೆ ಒಬ್ಬ ಕಲಾವಿದನ ಮನೆಗೆ ಬಣ್ಣ ಹೊಡೆದಿದ್ದರು. ನೆಲ ಕೆಡಿಸಿದಿರಿ ಅಂತ ಆತ ಆಗ ಹಾಸಿದ್ದ ಈ ಬಟ್ಟೆಯನ್ನು ಕಸಿದುಕೊಂಡಿದ್ದ. ಕೇಳಲು ಹೋದ ಅಪ್ಪನ ಮೇಲೆ ನಾಯಿ ಛೂ ಬಿಟ್ಟಿದ್ದ. ಈಗ ಬಟ್ಟೆಯ ಕೆಳಗೆ, ಚಿತ್ರ ಬರೆದವನು ಅಂತ, ಅವನದೇ ಹೆಸರು.

ಅವಳಿಗೆ ತಡೆಯಲಾಗಲಿಲ್ಲ. "ಸಾರ್, ಇದು ನಮ್ಮಪ್ಪಂದು. ಮೂವತ್ತು ವರ್ಷ ಇದನ್ನ ಹಾಸ್ಕೊಂಡು ಊರ ಗೋಡೆನೆಲ್ಲಾ ಬಳ್ದಿದಾನೆ."

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಥೂ, ಬಿಕನಾಸಿ! ಇನ್ನೊಂದ್ ಮಾತಾಡಿದ್ರೆ ಕಳ್ಳತನದ ಕೇಸ್ ಜಡಿಸ್ತೀನಿ. ಊರಲ್ಲಿ ಯಾವನೂ ನಿಮಗ್ ಕೆಲ್ಸ ಕೊಡಬಾರ್ದು, ಹಂಗ್ ಮಾಡ್ತೀನಿ!"

ಏಣಿಯ ಮೇಲಿದ್ದ ಅಪ್ಪ ಗಕ್ಕನೆ ಇತ್ತ ತಿರುಗಿದ. ಬ್ರಷ್ಷಿನ ತುದಿಯಲ್ಲಿ ಕಟ್ಟಿದ ಹನಿ ಹೊಳೆಯುವ ನೆಲದ ಮೇಲೆ ಟಪ್ಪನೆ ಬಿತ್ತು.

"ಇಳಿಯೋ ಬೋಳಿಮಗನೆ. ನೆಕ್ಕು."

ಅಪ್ಪ ಇಳಿದ. ಒಂದು ಕೈ ನೆಲಕ್ಕೂರಿ, ಅಯ್ಯೋ, ನಿಜಕ್ಕೂ ಮಂಡಿ ಮಡಚತೊಡಗಿದ.

ಮಗಳು ಎದುರು ಗೋಡೆಗೆ ಹೋಗಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಕ್ಲಿಪ್ಪುಗಳು ಪಟಪಟ ಹಾರಿದವು. ಒಮ್ಮೆ ಕೊಡವಿ ನೆಲಕ್ಕೆ ಹಾಸಿದಳು. ಸುಕ್ಕು ಸರಿಮಾಡಿ, ಏಣಿಯನ್ನೂ ಡಬ್ಬಿಯನ್ನೂ ಅದರ ಮೇಲಿಟ್ಟಳು.

"ಏಳಪ್ಪಾ, ಹತ್ತು. ಈಗ ಎಷ್ಟ್ ಬೇಕಾದ್ರೂ ಬೀಳ್ಲಿ."

ಮ್ಯಾನೇಜರ್ ಕಿರುಚುತ್ತ ಬಾಗಿಲು ಬಡಿಯತೊಡಗಿದ. ಹೊರಗೆ ಬೂಟುಗಳು ಓಡಿಬಂದವು, ಬೀಗದೊಳಗೆ ಕೀಲಿ ತಡಕಾಡಿತು.

ಅಪ್ಪ ಎದ್ದ. ಬ್ರಷ್ಷನ್ನು ಹಿಡಿಯ ತನಕ ಬಣ್ಣಕ್ಕೆ ಅದ್ದಿ, ಡಬ್ಬಿಯ ಅಂಚಿಗೆ ಒಂದಿಷ್ಟೂ ಒತ್ತದೆ, ಸುರಿಯುತ್ತಿದ್ದಂತೆಯೇ ಮೇಲೆತ್ತಿದ.